ಕೆಂಪಕ್ಷರದ ಚಿರತೆ

ಹೊನ್ನಯ್ಯ ಕೋಲಿನ ತುದಿಯಿಂದ ತೋರಿಸಿದ ಜಾಗದಲ್ಲಿ ಭಾನುಪ್ರಿಯ ಕುಕ್ಕರಗಾಲಲ್ಲಿ ಕುಳಿತು ನೋಡಿದಳು. ಬದುವಿನ ಹಸಿಮಣ್ಣಿನ ಮೇಲೆ ನಾಲ್ಕು ಬೆರಳು, ಹಿಂದೆ ಅಗಲವಾದ ಅಂಗಾಲು. ಉಗುರಿನ ಗೀರಿಲ್ಲ.

"ನಾಯಿದಾಗಿದ್ರೆ ಉಗುರು ಮೂಡ್ತಿತ್ತು ಕಣವ್ವ. ಬೆಳಗ್ಗಿಂದ ನಮ್ ನಾಯಿ ಮಂಚದ ಕೆಳಗಿಂದ ಈಚೆಗೇ ಬಂದಿಲ್ಲ. ಇದು ಚಿರತೇದೇ."

ಸುಳ್ಳು ಸುದ್ದಿ ಪತ್ತೆ ಮಾಡಲೆಂದು ತನ್ನ ಪತ್ರಿಕೆಗಾಗಿ ಎಂಟು ತಿಂಗಳು ಕೂತು ಭಾನುಪ್ರಿಯ ಕಟ್ಟಿದ್ದ ಆಪ್‌ನ ಹೆಸರು 'ತಾಳೆ'. ಕಬ್ಬಾಳಿನ ಕುರಿ ಸಾಕುವವರಿಗೆ ಅದನ್ನು ಮೊದಲು ಕೊಟ್ಟು ನೋಡಿದ್ದಳು. 'ಕಬ್ಬಾಳಿಗೆ ಚಿರತೆ ಬಂದಿದೆ' ಎಂಬ ಸಂದೇಶ ಬೆಳಗ್ಗೆ ಫೋಟೋ ಸಮೇತ ಬಂದಾಗ ಹೊನ್ನಯ್ಯನ ತಮ್ಮ ಚಿಕ್ಕರಾಜು ಅದನ್ನು ತಾಳೆಗೆ ಹಾಕಿದ್ದ. ಫೋಟೋ ನಾಲ್ಕು ವರ್ಷ ಹಳೆಯದು, ಬೇರೆ ರಾಜ್ಯದ್ದು ಎಂದು ತಾಳೆ ಸರಿಯಾಗಿಯೇ ಹೇಳಿತ್ತು. ಕೆಳಗೆ ಕೆಂಪಕ್ಷರದಲ್ಲಿ: 'ಸುಳ್ಳು ಸುದ್ದಿ. ನಂಬಬೇಡಿ, ಇತರರಿಗೂ ತಿಳಿಸಿ.' ಆ ಸಾಲು ಬರೆದವಳು ಅವಳೇ. ಚಿಕ್ಕರಾಜು ಕುರಿಯವರ ವಾಟ್ಸಾಪ್ ಗ್ರೂಪಿಗೆಲ್ಲ ತಿಳಿಸಿದ್ದ.

"ಆಪ್‌ಗೆ ಗೊತ್ತಾಗಿದ್ದು ಫೋಟೋ ವಿಷಯ ಮಾತ್ರ ಹೊನ್ನಯ್ಯ."

"ಹಂಗಾರೆ ಫೋಟೋ ವಿಸ್ಯ ಹೇಳಿ ಸುಮ್ಕಿರ್ಬೇಕಿತ್ತು. ಚಿರತೆ ವಿಸ್ಯಕ್ಕೆ ಯಾಕ್ ಬಾಯಿ ಹಾಕ್ತು?"

ಚಿಕ್ಕರಾಜು ಇವತ್ತು ರಾತ್ರಿ ಬೆಟ್ಟದ ಬುಡದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಎಂಬತ್ತು ಕುರಿ ನಿಲ್ಲಿಸುವವನಿದ್ದ. ಸುತ್ತ ಇರುವುದು ನೂಲಿನ ಬಲೆ, ಅಷ್ಟೇ. ಹೊತ್ತು ಮುಳುಗಲು ಇನ್ನು ಒಂದು ಗಂಟೆಯೂ ಇರಲಿಲ್ಲ.

ಅವಳು ಎಡಗಾಲಿನ ಚಪ್ಪಲಿ ಬಿಚ್ಚಿ, ಅಳತೆ ಗೊತ್ತಾಗಲೆಂದು ಹೆಜ್ಜೆಯ ಪಕ್ಕ ಇಟ್ಟು, ಹೊನ್ನಯ್ಯನ ಫೋನಿನಲ್ಲೇ ಫೋಟೋ ತೆಗೆದಳು. ದಿನ, ಸಮಯ, ಜಾಗ ಬರೆದಳು. 'ಕಬ್ಬಾಳಿಗೆ ಚಿರತೆ ಬಂದಿದೆ. ಹೆಜ್ಜೆ ಕಣ್ಣಾರೆ ನೋಡಿದ್ದೇವೆ. ಕುರಿಗಳನ್ನು ಹೊಲದಲ್ಲಿ ನಿಲ್ಲಿಸಬೇಡಿ' ಎಂದು ಸೇರಿಸಿ ಗ್ರೂಪಿಗೆ ಕಳಿಸಿದಳು.

ಐದೇ ನಿಮಿಷಕ್ಕೆ ಚಿಕ್ಕರಾಜುವಿನ ಫೋನ್ ಬಂತು. "ಅಣ್ಣೋ, ನೀನೂ ಶುರು ಹಚ್ಕಂಡಾ? ನೀನ್ ಕಳ್ಸಿದ್ದನ್ನ ತಾಳೆಗೆ ಹಾಕ್ದೆ. ಕೆಂಪು ಬಂದ್ಬುಡ್ತು."

ಭಾನುಪ್ರಿಯ ಫೋನ್ ಕಸಿದುಕೊಂಡಳು. "ಬೆಳಗ್ಗಿನ ಮಾತೇ ಇದರಲ್ಲೂ ಇದೆ ಅಂತ ಅದು ಹಳೇ ಉತ್ತರಾನೇ ಕೊಟ್ಟಿದೆ. ತಾಳೆ ಮಾಡಿದ್ದೇ ನಾನು. ನಾನೇ ಹೇಳ್ತಿದೀನಿ, ಕುರಿ ಹೊಡ್ಕೊಂಡು ಮನೆಗೆ ಬನ್ನಿ."

"ಎಲ್ರೂ ಹಂಗೇ ಅಂತಾರೆ ಕಣಮ್ಮ. ನೆನ್ನೆ ಒಬ್ಬ ಬ್ಯಾಂಕ್ ಮ್ಯಾನೇಜರ್ ಅಂತಿದ್ದ." ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

"ಎರಡು ಮೈಲಿ ಐತೆ. ನಡಿ, ನಿನ್ ಗಾಡೀಲೇ ಹೋಗಾನ. ನಾನೇ ಎದ್ರಿಗೆ ನಿಂತು ಹೇಳ್ತೀನಿ" ಎಂದ ಹೊನ್ನಯ್ಯ, ಕೋಲು ಹಿಡಿದೇ ಸ್ಕೂಟರ್ ಹತ್ತಿದ.

ಗಾಡಿ ಹೊರಡುವಷ್ಟರಲ್ಲಿ ಅವನ ಫೋನ್ ಸದ್ದು ಮಾಡಿತು. ಗ್ರೂಪಿನಲ್ಲಿ ಚಿಕ್ಕರಾಜು ಹಾಕಿದ್ದ ಅವಳದೇ ಫೋಟೋ. ಚಿರತೆಯ ಹೆಜ್ಜೆಯ ಮೇಲೂ ಅವಳ ಚಪ್ಪಲಿಯ ಮೇಲೂ ಹಾದುಹೋದ ಕೆಂಪಕ್ಷರ: 'ನಂಬಬೇಡಿ, ಇತರರಿಗೂ ತಿಳಿಸಿ.' ಆಗಲೇ ಹನ್ನೊಂದು ಜನ ಹೆಬ್ಬೆರಳು ಎತ್ತಿದ್ದರು.

ಭಾನುಪ್ರಿಯ ಗಾಡಿ ಓಡಿಸಿದಳು. ಬೆಟ್ಟದ ನೆರಳು ಅರ್ಧ ದಾರಿಗೆ ಬಂದಿತ್ತು. ಅವಳ ಎಡಗಾಲಿನ ಚಪ್ಪಲಿ ಇನ್ನೂ ಆ ಹೆಜ್ಜೆಯ ಪಕ್ಕದಲ್ಲೇ ಇತ್ತು.