ಊದು ಮಗಳೇ, ಊದು

"ಉಸಿರು ಎಳ್ಕೋ... ಇನ್ನೂ ಎಳ್ಕೋ... ಹಾಂ, ಈಗ ಊದು," ಎಂದಳು ಬೀದಿಗೆಲ್ಲ ಪಾರ್ಲರ್ ಅಕ್ಕ ಎನಿಸಿಕೊಂಡ ಅಮ್ಮ. ಮಗಳು ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ, ಅಂಗೈಯಗಲದ ಮೆಷಿನ್ನಿನ ಕೊಳವೆಗೆ ಊದತೊಡಗಿದಳು. ಅವಳು ಕಣ್ಣು ಮುಚ್ಚಿದ್ದೇ ತಡ, ಅಕ್ಕ ನೇಲ್ ಪಾಲಿಶ್ ರಿಮೂವರ್ ಬಾಟಲಿಯ ಮುಚ್ಚಳ ತಿರುವಿ, ಹತ್ತಿಯುಂಡೆಗೆ ನಾಲ್ಕು ಹನಿ ಕುಡಿಸಿ, ಮೆಷಿನ್ನಿನ ಪಕ್ಕಕ್ಕೆ ಮೆಲ್ಲಗೆ ಸರಿಸಿದಳು. ಆ ವಾಸನೆ ಅಂಗಡಿಯ ಗೋಡೆಗಳಿಗೇ ಅಂಟಿಕೊಂಡಿತ್ತು, ಹಾಗಾಗಿ ಮಗಳ ಮೂಗು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಮೆಷಿನ್ ಕುಂಯ್ ಎಂದಿತು. ಕೆಂಪು ದೀಪ.

"ಇವತ್ತೂ ಕೆಂಪಾ? ಬೆಳಿಗ್ಗೆ ಬೆರಳು ಚುಚ್ಚಿ ನೋಡ್ದಾಗ ಸಕ್ಕರೆ ಸರಿಯಾಗೇ ಇತ್ತಲ್ಲಮ್ಮ!"

"ಬೆಳಗಿನ ಕಥೆ ಬೆಳಿಗ್ಗೆಗಾಯ್ತು. ನಾನೇನ್ ಮಾಡ್ಲಿ, ಮೆಷಿನ್ನಿಗೆ ನಿನ್ನ ಮೇಲೆ ಹಗೆಯಾ?" ಎನ್ನುತ್ತ ಅಕ್ಕ ಹತ್ತಿಯುಂಡೆಯನ್ನು ಬುಟ್ಟಿಗೆ ಎಸೆದಳು.

ಆಸ್ಪತ್ರೆಯವರು ಹೊಸದಾಗಿ ಪರೀಕ್ಷೆಗೆಂದು ಕೊಟ್ಟ ಮೆಷಿನ್ ಅದು. ಸಕ್ಕರೆ ಕಾಯಿಲೆ ಹಿಡಿತ ತಪ್ಪಿದರೆ ಉಸಿರಿನಲ್ಲಿ ಅಸಿಟೋನ್ ಹೆಚ್ಚುತ್ತದಂತೆ. ಮುಂದೊಂದು ದಿನ ಬೆರಳು ಚುಚ್ಚುವ ಗೋಳಿಲ್ಲದೆ ಬರೀ ಊದಿಯೇ ತಿಳಿಯಬಹುದಂತೆ. ಹಸಿರು ಬಂದರೆ ನಿಶ್ಚಿಂತೆ, ಹಳದಿ ಬಂದರೆ ಎಚ್ಚರ, ಕೆಂಪು ಬಂದರೆ ಗಂಡಾಂತರ. ಕೊಡುವಾಗ ಲ್ಯಾಬಿನ ಮೇಡಂ, "ನೇಲ್ ಪಾಲಿಶ್ ರಿಮೂವರಲ್ಲೂ ಇರೋದು ಇದೇ ಅಸಿಟೋನ್. ಅದರ ಹತ್ತಿರ ಮಾತ್ರ ಊದಿಸ್ಬೇಡಿ," ಎಂದು ಒತ್ತಿ ಹೇಳಿದ್ದರು. ಕಳ್ಳನಿಗೆ ಬೀಗದ ಕೈ ಇಟ್ಟ ಜಾಗ ತೋರಿಸಿದಂತಾಯಿತು.

ಮಗಳಿಗೋ ಶಾಲೆಯವರ ಜೊತೆ ಬೆಟ್ಟದ ಶಿಬಿರಕ್ಕೆ ಹೋಗುವ ಹುಚ್ಚು. ಅವಳ ಕಾಟ ತಾಳಲಾರದೆ ಅಕ್ಕ, "ಹಸಿರು ದೀಪ ಬಂದ್ರೆ ಕಳಿಸ್ತೀನಿ, ಹೋಗು," ಎಂದುಬಿಟ್ಟಿದ್ದಳು. ಅಂದ ಮೇಲೆ ಶುರುವಾಯಿತು ಚಿಂತೆ. ಹಿಂದೊಮ್ಮೆ ಈ ಹುಡುಗಿ ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದಾಗ ಬಿದ್ದದ್ದು ಅಮ್ಮನ ತೊಡೆಯ ಮೇಲೆ. ಬೆಟ್ಟದಲ್ಲಿ ಬಿದ್ದರೆ ಹಿಡಿಯುವವರು ಯಾರು? ತಾನು ಬೇಡವೆಂದರೆ ಮಗಳ ಕಣ್ಣಿಗೆ ರಾಕ್ಷಸಿಯಾಗಬೇಕು. ಮೆಷಿನ್ನೇ ಬೇಡವೆಂದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ತನ್ನ ಜಾಣತನಕ್ಕೆ ಅಕ್ಕ ತಾನೇ ತಲೆದೂಗಿದ್ದಳು.

ಆದರೆ ಪ್ರತಿ ಕೆಂಪು ದೀಪದ ಸುದ್ದಿಯೂ ತಾನಾಗಿಯೇ ಆಸ್ಪತ್ರೆಗೆ ಮುಟ್ಟುತ್ತದೆ ಎಂಬುದು ಅವಳಿಗೆ ತಿಳಿದಿರಲಿಲ್ಲ. ಮರುದಿನ ಸಂಜೆ ಲ್ಯಾಬಿನ ಮೇಡಂ ಅಂಗಡಿಗೇ ಬಂದುಬಿಟ್ಟರು. ಬಾಗಿಲಲ್ಲೇ ನಿಂತು ಮೂಗರಳಿಸಿದರು. ಒಳಗೆ ಬಂದು, ಕೊಳವೆ ಬದಲಿಸಿ, ಮೊದಲು ತಾವೇ ಊದಿದರು. ಕೆಂಪು!

"ಅಯ್ಯೋ ಮೇಡಂ, ನಿಮಗೂ ಸಕ್ಕರೆ ಕಾಯಿಲೆನಾ?" ಎಂದಳು ಮಗಳು.

"ನಂಗಲ್ಲ ಪುಟ್ಟಿ, ನಿಮ್ಮ ಅಂಗಡಿಗೆ," ಎಂದು ನಕ್ಕ ಮೇಡಂ ಅಕ್ಕನ ಕಡೆ ತಿರುಗಿದರು. "ಅಷ್ಟು ಹೇಳಿದ್ನಲ್ಲಮ್ಮ ನಿಮಗೆ?"

"ಮರ್ತೇ ಹೋಯ್ತು ನೋಡಿ. ಗಿರಾಕಿಗಳ ಗಡಿಬಿಡೀಲಿ..." ಅಂಗಡಿಯಲ್ಲಿ ಗಿರಾಕಿಯೆನ್ನುವ ಪ್ರಾಣಿ ಒಂದೂ ಇರಲಿಲ್ಲ. ಅಕ್ಕ ಖಾಲಿ ಕುರ್ಚಿಯನ್ನು ಉಜ್ಜಿ ಉಜ್ಜಿ ಒರೆಸತೊಡಗಿದಳು.

ಮೇಡಂ ಅವಳನ್ನೊಮ್ಮೆ, ಕನ್ನಡಿಗೆ ಸಿಕ್ಕಿಸಿದ್ದ ಶಾಲೆಯ ಶಿಬಿರದ ಚೀಟಿಯನ್ನೊಮ್ಮೆ ನೋಡಿ, "ಶಿಬಿರ ಯಾವತ್ತು ಪುಟ್ಟಿ?" ಎಂದು ಕೇಳಿದರು.

"ಸೋಮವಾರ ಮೇಡಂ. ಹಸಿರು ಬಂದ್ರೆ ಮಾತ್ರ."

"ಹೂಂ," ಎಂದರು ಮೇಡಂ. ಅವರಿಗೆ ಎಲ್ಲ ಗೊತ್ತಾಗಿದೆ ಎನ್ನುವುದು ಆ ಒಂದು ಹೂಂನಲ್ಲೇ ಅಕ್ಕನಿಗೆ ಗೊತ್ತಾಯಿತು. "ಬಾ, ಹೊರಗೆ ಒಳ್ಳೆ ಗಾಳೀಲಿ ಊದುವಂತೆ."

ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತರು. ಅಕ್ಕ ಬಾಗಿಲ ಪರದೆಯ ಮರೆಯಲ್ಲಿ ನಿಂತಳು. ನಾಚಿಕೆಯಾಗಿತ್ತು, ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಮನಸ್ಸು ಹಗುರವಾಗಿತ್ತು. ಹಾಳಾಗಲಿ, ಹೋಗಿಬರಲಿ ಮಗು. ದಪ್ಪನೆಯ ಸ್ವೆಟರ್, ಗ್ಲೂಕೋಸ್ ಪೊಟ್ಟಣ, ಇಂಜೆಕ್ಷನ್ ಡಬ್ಬಿ ಎಲ್ಲವನ್ನೂ ಅವಳು ಮನಸ್ಸಿನಲ್ಲೇ ಚೀಲಕ್ಕೆ ತುಂಬಿಯೂ ಆಗಿತ್ತು. ಟೀಚರ್ ಹತ್ತಿರ ಹತ್ತು ಸಲ ಹೇಳಿದರೆ ಅವರೂ ಒಂದು ಕಣ್ಣಿಟ್ಟಿರುತ್ತಾರೆ.

ಮೆಷಿನ್ ಕುಂಯ್ ಎಂದಿತು. ಮೇಡಂ ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಊದಿಸಿದರು. ಬಯಲಿನ ಗಾಳಿಯಲ್ಲೂ ಹಸಿರು ಬರಲಿಲ್ಲ. ಹಳದಿ.

"ಮಧ್ಯಾಹ್ನ ಏನು ತಿಂದೆ ಪುಟ್ಟಿ? ಹೊಟ್ಟೆ ಖಾಲಿ ಇದ್ರೂ ಉಸಿರಲ್ಲಿ ಅಸಿಟೋನ್ ಹೆಚ್ಚಾಗುತ್ತೆ, ಅದಕ್ಕೆ ಕೇಳ್ದೆ."

ಮಗಳು ಚಪ್ಪಲಿಯ ತುದಿಯಿಂದ ನೆಲ ಕೆರೆದಳು. "ತಿಂದಿಲ್ಲ ಮೇಡಂ. ದಿನಾ ಕೆಂಪೇ ಬರ್ತಿತ್ತಲ್ಲ... ಊಟ ಬಿಟ್ರೆ ಹಸಿರಾಗುತ್ತೇನೋ ಅಂತ."

"ಇಂಜೆಕ್ಷನ್ ತಗೊಂಡು ಊಟ ಬಿಡೋದಾ? ತಲೆ ಸುತ್ತಲಿಲ್ವಾ?"

"ನಿನ್ನೆ ಸ್ಕೂಲಲ್ಲಿ ಬಿದ್ದೆ. ಫ್ರೆಂಡ್ಸ್ ಎತ್ತಿ ಕೂರಿಸಿ ಸಕ್ಕರೆ ತಿನ್ನಿಸಿದ್ರು, ಸರಿಹೋಯ್ತು."

ಪರದೆಯ ಹಿಂದೆ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಕೈಯೆಲ್ಲ ಅದೇ ವಾಸನೆ.

ಹೊರಗೆ ಮಗಳು ಮೇಡಂ ಕಡೆ ಬಾಗಿ, ದನಿ ತಗ್ಗಿಸಿ ಹೇಳುತ್ತಿದ್ದಳು: "ಅಮ್ಮಂಗೆ ಮಾತ್ರ ಹೇಳ್ಬೇಡಿ ಮೇಡಂ. ಪಾಪ, ತುಂಬ ಹೆದರ್ಕೋತಾಳೆ."