ಒಂಬತ್ತು ಇಪ್ಪತ್ತರ ನಕಲು

“ಫೈಲು ತೆರೀತಾ ಇಲ್ಲ.”

ಗಂಡ ಇದನ್ನು ಹೆಂಡತಿಗೆ ಹೇಳಿದನೋ, ಕಂಪ್ಯೂಟರಿಗೆ ಹೇಳಿದನೋ, ಎದುರಿನ ಗೋಡೆಗೆ ಹೇಳಿದನೋ ತಿಳಿಯುವಂತಿರಲಿಲ್ಲ. ನಾಲ್ಕು ದಿನಗಳಿಂದ ಇಬ್ಬರಿಗೂ ಮಾತಿಲ್ಲ. ಮನೆಗಳ ನಕ್ಷೆ ಬರೆದುಕೊಡುವ ಆ ಪುಟ್ಟ ಆಫೀಸಿನಲ್ಲಿ ಇರುವುದೇ ಎರಡು ಮೇಜು, ಒಂದು ದೊಡ್ಡ ಪ್ರಿಂಟರು, ಅವನು ಮತ್ತು ಅವಳು. ಹತ್ತು ಗಂಟೆಗೆ ಮೆಟ್ಟಿಲಿನ ನಕ್ಷೆ ಕೊಡುತ್ತೇವೆಂದು ಮೇಸ್ತ್ರಿಗೆ ಮಾತು ಕೊಟ್ಟಾಗಿತ್ತು. ಅವನು ಆಗಲೇ ಬಂದು, ಬಾಗಿಲಲ್ಲಿ ಸ್ಕೂಟರಿನಿಂದ ಇಳಿಯದೆ ಕಾಯುತ್ತಿದ್ದ.

ಜಗಳ ಶುರುವಾದದ್ದು ಒಂದು ಡಿಸ್ಕಿನಿಂದ. ಆಯಾ ದಿನದ ಕೆಲಸವನ್ನೆಲ್ಲ ಹೆಂಡತಿ ಸಂಜೆ ತಪ್ಪದೆ ಅದರಲ್ಲಿ ನಕಲು ಮಾಡಿಡುತ್ತಿದ್ದಳು. ಚಿಕ್ಕಪ್ಪನ ಮಗನ ಮದುವೆ ವಿಡಿಯೋ ತುಂಬಲು ಜಾಗ ಸಾಲದೆಂದು ಗಂಡ ಅದನ್ನು ಗುಡಿಸಿ ಸಾರಿಸಿಬಿಟ್ಟ. ಹಳೆಯ ನಕ್ಷೆಗಳು ಅದರಲ್ಲಿ ಮಾತ್ರ ಇದ್ದವು ಎಂದು ಅವಳು ಹೌಹಾರಿದರೆ, “ಒಂದು ಡಿಸ್ಕಿಗೆ ಇಷ್ಟೊಂದು ರಂಪ ಯಾಕೆ?” ಎಂದ. ಅಷ್ಟು ಸಾಕಾಯಿತು.

ಮಾತು ಬಿಟ್ಟರೂ ಕೆಲಸ ಬಿಡುವ ಹಾಗಿಲ್ಲವಲ್ಲ. ಅವಳು ಮುಚ್ಚಿದ ಫೈಲನ್ನು ಅವನು ತೆರೆಯಬೇಕು, ಅವನು ಮುಚ್ಚಿದ್ದನ್ನು ಅವಳು. ಆ ಸಾಫ್ಟ್‌ವೇರಿನಲ್ಲಿ ನಕ್ಷೆಯನ್ನು ಪದರ ಪದರವಾಗಿ ಬರೆಯುತ್ತಾರೆ. ಗೋಡೆಗೊಂದು ಪದರ, ಬಾಗಿಲಿಗೊಂದು, ಅಳತೆಗೊಂದು. ತಮ್ಮತಮ್ಮಲ್ಲೇ ಟಿಪ್ಪಣಿ ಬರೆದುಕೊಳ್ಳಲು ಇವರದೂ ಒಂದು ಪದರವಿತ್ತು. ಪ್ರಿಂಟ್ ಕೊಡುವ ಮೊದಲು ಅದನ್ನು ಮುಚ್ಚಿಬಿಟ್ಟರೆ ಕಾಗದದ ಮೇಲೆ ಬರುವುದಿಲ್ಲ. ನಾಲ್ಕು ದಿನದ ಸಂಸಾರವೆಲ್ಲ ನಡೆದದ್ದು ಅಲ್ಲೇ. ‘ಮೂರನೇ ಮೆಟ್ಟಿಲಿನ ಎತ್ತರ ತಪ್ಪು. ಕಣ್ಣಿಟ್ಟು ನೋಡಿದರೆ ತಾನೇ ಕಾಣೋದು’ ಎಂದು ಅವಳು ಕೆಂಪಕ್ಷರದಲ್ಲಿ ಬರೆದರೆ, ‘ಸರಿಮಾಡಿದೆ. ಗ್ಯಾಸ್ ಮುಗಿದಿದೆ’ ಎಂದು ಅವನು ಕೆಳಗೆ ನೀಲಿಯಲ್ಲಿ ಬರೆಯುತ್ತಿದ್ದ. ಈಗ ಫೈಲೇ ತೆರೆಯದಿದ್ದರೆ ಆ ಸುದ್ದಿಯನ್ನು ಬರೆಯುವುದೆಲ್ಲಿ? ಬಾಯಿ ಬಿಡದೆ ವಿಧಿಯಿರಲಿಲ್ಲ.

“ಏನಂತೆ ಅದಕ್ಕೆ?” ಹೆಂಡತಿಯೂ ಗೋಡೆಯನ್ನೇ ಕೇಳಿದಳು.

“ಫೈಲು ಕೆಟ್ಟಿದೆಯಂತೆ. ನೀನು ಸೇವ್ ಮಾಡ್ತಿದ್ದಾಗ್ಲೇ ಅಲ್ವಾ ಕರೆಂಟು ಹೋಗಿದ್ದು?”

“ಅಂದ್ರೆ ತಪ್ಪು ನಂದಾ?”

“ಅಯ್ಯೋ, ಕರೆಂಟಿಂದು ಕಣೇ!”

ಮೇಸ್ತ್ರಿ ಹಾರ್ನ್ ಬಾರಿಸಿದ. “ಬೇಗ ಸಾರ್, ಅಲ್ಲಿ ಕೆಲಸದವರೆಲ್ಲ ಕೈಕಟ್ಟಿ ಕೂತಿದಾರೆ!”

ಅವಳು ತನ್ನ ಕಂಪ್ಯೂಟರಿನ ಮುಂದೆ ಕೂತಳು. ಫೈಲು ರಿಪೇರಿ ಮಾಡೆಂದು ಮೊದಲು ಸಾಫ್ಟ್‌ವೇರಿಗೇ ಹೇಳಿ ನೋಡಿದಳು. ಅದು ಸ್ವಲ್ಪ ಹೊತ್ತು ಗಿರಗಿರ ತಿರುಗಿ ಕೈಚೆಲ್ಲಿತು. ಆಮೇಲೆ ಒಂದರೊಳಗೊಂದು ಫೋಲ್ಡರ್ ತೆಗೆಯುತ್ತ ಹೋದಳು. ಹತ್ತು ನಿಮಿಷಕ್ಕೊಮ್ಮೆ ಸಾಫ್ಟ್‌ವೇರ್ ತಾನಾಗಿಯೇ ಒಂದು ನಕಲು ತೆಗೆದು ಎಲ್ಲೋ ಮೂಲೆಯಲ್ಲಿ ಬಚ್ಚಿಡುತ್ತದೆ. ಒಂಬತ್ತು ಇಪ್ಪತ್ತರದ್ದು ಒಂದು ಸಿಕ್ಕಿತು. ಅದರ ಹೆಸರಿನ ಬಾಲದಲ್ಲಿದ್ದ ಮೂರಕ್ಷರ ಬದಲಿಸಿ ತೆರೆದಳು. ಹದಿನೆಂಟೂ ಮೆಟ್ಟಿಲು ಅಳತೆ ಸಮೇತ ಹಾಜರಾದವು.

“ಭೇಷ್!” ಗಂಡನಿಗೆ ತಡೆಯಲಾಗಲಿಲ್ಲ. ಹೆಂಡತಿಗೆ ಖುಷಿಯಾಯಿತು, ಆದರೆ ತೋರಿಸಿಕೊಳ್ಳಲಿಲ್ಲ. ಅವನು ಅಳತೆಗಳ ಮೇಲಷ್ಟೇ ಕಣ್ಣಾಡಿಸಿ ಪ್ರಿಂಟ್ ಕೊಟ್ಟ. ಹಾಸುಗಂಬಳಿಯಷ್ಟು ದೊಡ್ಡ ಹಾಳೆ ಹೊರಬಂತು. ಮೇಸ್ತ್ರಿ ಅದನ್ನು ಸುರುಳಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟ. ಕೆಲಸ ಮುಗಿಯುತ್ತಲೇ ಇಬ್ಬರಿಗೂ ಜಗಳ ನೆನಪಾಗಿ, ಮತ್ತೆ ತಮ್ಮತಮ್ಮ ಮೇಜಿನ ಕಡೆ ಮುಖ ತಿರುಗಿಸಿದರು.

ಅರ್ಧ ಗಂಟೆಯಲ್ಲಿ ಮೇಸ್ತ್ರಿಯ ಫೋನು. ಅಳತೆಯ ವಿಷಯವಿದ್ದರೆ ಅವಳಿಗೂ ಕೇಳಿಸಲೆಂದು ಗಂಡ ಸ್ಪೀಕರಿಗೆ ಹಾಕಿದ.

“ಸಾರ್, ಅಳತೆ ಎಲ್ಲಾ ಸರಿಯಾಗಿದೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಏನೇನೋ ಇದೆಯಲ್ಲ. ನಿಮ್ಮನೇಲಿ ಗ್ಯಾಸ್ ಮುಗಿದಿದ್ದು ಗೊತ್ತಾಯ್ತು.”

ಹೆಂಡತಿ ತಲೆಯ ಮೇಲೆ ಕೈ ಹೊತ್ತಳು. ಟಿಪ್ಪಣಿಯ ಪದರವನ್ನು ಅವಳು ಮುಚ್ಚಿದ್ದು ಒಂಬತ್ತೂವರೆಗೆ. ಒಂಬತ್ತು ಇಪ್ಪತ್ತರ ನಕಲಿನಲ್ಲಿ ಅದು ತೆರೆದೇ ಇತ್ತು.

“ಅದನ್ನ ಬಿಟ್ಬಿಡಿ ಮೇಸ್ತ್ರಿ, ಅದು ನಮ್ಮ...”

“ಬಿಟ್ಟೆ ಸಾರ್. ಕೊನೇದೊಂದು ಮಾತ್ರ ತಿಳೀಲಿಲ್ಲ, ಓದ್ತೀನಿ ಕೇಳಿ. ‘ಡಿಸ್ಕ್ ಹೋದ್ರೆ ಹೋಗ್ಲಿ ರೀ. ನೀವು ಮಾತಾಡದೆ ಇರೋದನ್ನ ನನ್ನಿಂದ ತಡ್ಕೊಳ್ಳೋಕೆ ಆಗ್ತಿಲ್ಲ.’ ಇದು ಎಷ್ಟನೇ ಮೆಟ್ಟಿಲಿಗೆ ಸಾರ್?”

ಗಂಡ ತಿರುಗಿ ನೋಡಿದ. ಹೆಂಡತಿಯ ಮುಖ ಕೆಂಪಗಾಗಿತ್ತು.

“ಅದನ್ನ ಬರೆದು ಅಳಿಸಿಬಿಟ್ಟಿದ್ದೆ,” ಎಂದಳು ಮೆಲ್ಲಗೆ. “ಐದು ನಿಮಿಷಾನೂ ಇರ್ಲಿಲ್ಲ ಅದು.”

ಆ ಐದು ನಿಮಿಷದೊಳಗೇ ನಕಲು ಬಿದ್ದಿತ್ತು. ನಾಲ್ಕು ದಿನ ಬಿಗುಮಾನ ಬಿಡದೆ ಗ್ಯಾಸಿನ ವಿಷಯ ಬರೆದುಕೊಂಡು ಕೂತಿದ್ದೆನಲ್ಲ ಎಂದು ಗಂಡನಿಗೆ ನಾಚಿಕೆಯಾಯಿತು. ತಪ್ಪಾಯ್ತು ಎಂಬ ಒಂದು ಮಾತು ಮೊದಲ ದಿನದಿಂದಲೂ ಬಾಯಲ್ಲಿತ್ತು; ಹೊರಬರಲು ಈಗಲೂ ಒದ್ದಾಡುತ್ತಿತ್ತು.

ಫೋನಿನಲ್ಲಿ ಗುಸುಗುಸು ಕೇಳಿಸಿತು. ಯಾರೋ ಕಿಸಕ್ಕನೆ ನಕ್ಕರು, ಮೇಸ್ತ್ರಿ ಅವರನ್ನು ಗದರಿದ.

“ಅಮ್ಮೋರಿಗೆ ಏನಾದ್ರೂ ಒಂದು ಹೇಳಿ ಸಾರ್,” ಎಂದ. “ಇಲ್ಲಿ ಕರಣೆ ಕೆಳಗಿಟ್ಟು ಹನ್ನೊಂದು ಜನ ಕಾಯ್ತಾ ಇದೀವಿ.”