ಕೂಸಿನ ಕಲ್ಲು

ನಿದ್ದೆ ಹತ್ತಿದೊಡನೆ ಕೂಸುಗಳೆಲ್ಲ ಗಾಳಿಯಲ್ಲಿ ಮೇಲೇಳುತ್ತಿದ್ದ ಕಾಲ ಅದು. ಹೀಗಾಗಿ ಹೆಸರಿಡುವ ದಿನ ತೊಟ್ಟಿಲಿಗೆ ಹಾಕಿದ ಗುಂಡುಕಲ್ಲನ್ನು ಯಾರೂ ಹೊರಗೆ ತೆಗೆಯುತ್ತಿರಲಿಲ್ಲ. ಕೂಸಿನ ನಡುವಿಗೆ ಹಳೇ ಸೀರೆಯ ಪಟ್ಟಿ ಸುತ್ತಿ, ಅದರ ಇನ್ನೊಂದು ತುದಿಯನ್ನು ಆ ಕಲ್ಲಿಗೇ ಬಿಗಿಯುತ್ತಿದ್ದರು.

ಚಂಪವ್ವನ ಮೊಮ್ಮಗನಿಗೆ ಮಾತ್ರ ಕಲ್ಲೆಂದರೆ ಆಗದು. ಕಟ್ಟಿದ್ದೇ ತಡ, ಕಣ್ಣು ಬಿಟ್ಟು ಕಿರುಚುತ್ತಿದ್ದ. ಬಾಣಂತನಕ್ಕೆ ಬಂದ ಮಗಳು ಕಸ್ತೂರಿ ನಿದ್ದೆಗೆಟ್ಟು ಕಡ್ಡಿಯಂತಾಗಿದ್ದಳು.

"ಯವ್ವಾ, ಕಲ್ಲು ಬ್ಯಾಡ. ಪಟ್ಟೀನ ನನ್ನ ನಡಕ್ಕ ಕಟ್ಕೊಂಡು ಮಲಗ್ತೀನಿ."

"ಒಮ್ಮೆ ನಿನ್ನ ಮೈಗೆ ರೂಢಿ ಆತಂದ್ರ ತೊಟ್ಲಾಗ ಎಂದೂ ನಿಲ್ಲಂಗಿಲ್ಲ ಅದು. ಸುಮ್ನ ಕಲ್ಲಿಗೆ ಕಟ್ಟು!" ಎಂದು ಗದರಿ ಚಂಪವ್ವ ಮಧ್ಯಾಹ್ನದ ರೊಟ್ಟಿ ಬಡಿಯಲು ಒಳಗೆ ಹೋದಳು.

ಅಳು ನಿಂತಿತು. ಬುಟ್ಟಿ ತುಂಬ ರೊಟ್ಟಿಯಾದರೂ ಮಗಳ ಸುಳಿವಿಲ್ಲ. ಬಂದು ನೋಡಿದರೆ ತೊಟ್ಟಿಲಲ್ಲಿ ಕಲ್ಲೊಂದೇ ಬಿದ್ದಿತ್ತು. ಕಸ್ತೂರಿ ಹೇಳಿದ್ದನ್ನೇ ಮಾಡಿದ್ದಳು. ಅವಳ ಭಾರ ಸಾಲದೆ ತಾಯಿ ಮಗು ಇಬ್ಬರೂ ಮೇಲೇರಿ ಜಂತಿಗೆ ತಾಗಿಕೊಂಡು ಮಲಗಿದ್ದರು. ಮಗಳು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.

ಬೈಯಲು ಹೋದ ಚಂಪವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೆಳಕಿಂಡಿ ಮುಚ್ಚಿ, ಮನೆಯಲ್ಲಿದ್ದ ಗಾದಿ ಕೌದಿಗಳನ್ನೆಲ್ಲ ಹೊತ್ತು ತಂದು ಅವರ ಕೆಳಗೆ ಹಾಸಿದಳು. ಮಗಳ ರೆಪ್ಪೆ ಅಲುಗಿತು. ಚಂಪವ್ವನಿಗೆ ಗಾಬರಿಯಾಯಿತು. ಇದೇ ತೊಟ್ಟಿಲ ಕಿರುಗುಟ್ಟುವ ಸದ್ದಿಗೆ ನಿದ್ದೆ ಮಾಡಿ ಬೆಳೆದ ಮಗಳು ಅವಳು.

ಚಂಪವ್ವ ನೆಲಕ್ಕೆ ಕೂತು, ನೋಯುವ ಕೈಯಿಂದಲೇ ಹಗ್ಗ ಹಿಡಿದು, ಕಲ್ಲನ್ನು ತೂಗತೊಡಗಿದಳು.